ರಿಸರ್ವ್ ಅಳಿಯ

ಹೊಲಿಗೆಯಮ್ಮನ ಅಳಿಯ ವಿಮಾನ ಓಡಿಸುತ್ತಾನೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅವನು ಕೆಲಸಕ್ಕೆ ಹೋಗಿದ್ದನ್ನು ಕಂಡವರು ಮಾತ್ರ ಅಪರೂಪ. ಬೀದಿಯವರ ಕಣ್ಣಿಗೆ ಬೀಳುತ್ತಿದ್ದದ್ದು ಇಷ್ಟೇ: ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟು, ಮೇಲೊಂದು ಬನಿಯನ್, ಮುಂಬಾಗಿಲ ಪಕ್ಕದ ಕುರ್ಚಿ, ತೊಡೆಯ ಮೇಲೊಂದು ಫೋನು. ಕಾವಿಗೆ ಕೂತ ಕೋಳಿಯ ಹಾಗೆ ಅವನು ಆ ಫೋನು ಬಿಟ್ಟು ಕದಲುತ್ತಿರಲಿಲ್ಲ.

“ಏನಮ್ಮ, ಕ್ಯಾಪ್ಟನ್ ಸಾಹೇಬ್ರು ಇವತ್ತೂ ಮನೇಲೇನಾ?” ಎಂದು ಎದುರುಗಡೆಯ ಇಸ್ತ್ರಿಯವನು ಕೇಳುವನು.

“ರಿಸರ್ವಲ್ಲಿದಾರಪ್ಪ.”

“ರಿಸರ್ವಾ? ನನ್ನ ಸ್ಕೂಟರು ರಿಸರ್ವಿಗೆ ಬಂದ್ರೆ ನಾನು ತಳ್ಕೊಂಡು ಹೋಗ್ತೀನಿ. ಇವರನ್ನ ಯಾರು ತಳ್ತಾರೆ?”

ಶಾಲೆ ಮಕ್ಕಳ ಯೂನಿಫಾರಂ ಹೊಲಿದುಕೊಂಡೇ ತಲೆಗೂದಲು ಹಣ್ಣಾದವಳು ಹೊಲಿಗೆಯಮ್ಮ. ಆಕೆಗೆ ಸೂಜಿಗೆ ದಾರ ಪೋಣಿಸುವುದಕ್ಕಿಂತ ಮಾತಿಗೆ ಮಾತು ಪೋಣಿಸುವುದು ಸಲೀಸು. ಆದರೂ ಈ ಮಾತಿಗೆ ಬಾಗಿಲ ಪರದೆ ಎಳೆದುಕೊಂಡು ಒಳಗೆ ಬರುತ್ತಿದ್ದಳು.

ಅಳಿಯನದು ಸಣ್ಣ ಊರುಗಳಿಗೆ ಸಣ್ಣ ವಿಮಾನ ಬಿಡುವ ಕಂಪನಿ. ಹಳಬರಿಗೆ ತಿಂಗಳ ಮೊದಲೇ ಇಂಥ ದಿನ ಇಂಥ ಊರು ಎಂದು ಗೊತ್ತಾಗುತ್ತದೆ. ಹೊಸಬರನ್ನು ರಿಸರ್ವಿಗೆ ಹಾಕುತ್ತಾರೆ. ಯಾರಿಗಾದರೂ ಜ್ವರ ಬಂದರೆ, ಎಲ್ಲಾದರೂ ಮಳೆ ಬಂದು ವಿಮಾನ ತಡವಾದರೆ, ಇವರಿಗೆ ಫೋನು. ಫೋನು ಬಂದ ಒಂದೂವರೆ ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿ ನಿಂತಿರಬೇಕು. ಬಾರದಿದ್ದರೆ ಆ ದಿನ ಕೂತಿದ್ದಷ್ಟೇ ಬಂತು. ಹಾರಿದ ಗಂಟೆಗೆ ತಾನೇ ಸಂಬಳ ಬೆಳೆಯುವುದು. ಈ ಒಂದೂವರೆ ಗಂಟೆಯ ದೆಸೆಯಿಂದಲೇ ಅವನು ಊರಾಚೆಯ ಬಾಡಿಗೆ ಮನೆ ಬಿಟ್ಟು, ಹೆಂಡತಿ ಮಗಳೊಂದಿಗೆ ನಿಲ್ದಾಣಕ್ಕೆ ಹತ್ತಿರವಿದ್ದ ಅತ್ತೆಯ ಮನೆಗೆ ಬಂದು ಸೇರಿದ್ದ. ಬರುವಾಗ, “ಆರು ತಿಂಗಳು ಅತ್ತೆ, ಅಷ್ಟರಲ್ಲಿ ಖಾಯಂ ಡ್ಯೂಟಿ ಸಿಗುತ್ತೆ” ಎಂದಿದ್ದ. ಮೊಮ್ಮಗಳು ಪುಟ್ಟಿ ಆಗ ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಎರಡನೇ ಕ್ಲಾಸು.

“ಅಳಿಯ ಮನೆ ತೊಳಿಯ ಅಂತ ಗಾದೆ ಕೇಳಿದ್ದೆ,” ಎಂದು ಯಜಮಾನರು ಊಟದ ತಟ್ಟೆಯ ಮುಂದೆ ಕೂತು ಶುರು ಮಾಡುವರು. “ನಮ್ಮವರು ತೊಳೆಯೋದಿರಲಿ, ಮನೆ ಬಿಟ್ಟು ಕೂಡ ಏಳಲ್ಲ.”

ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಈಗ ಓಡಿಸಲು ಬಸ್ಸಿಲ್ಲದೆ ಮನೆಯವರನ್ನು ಓಡಿಸುತ್ತಿದ್ದರು.

“ನೀವು ಸುಮ್ನೆ ಊಟ ಮಾಡಿ,” ಎನ್ನುವಳು ಹೊಲಿಗೆಯಮ್ಮ. ಆದರೆ ಆಕೆಗೂ ಒಳಗೊಳಗೆ ಅದೇ ಕುದಿ. ತರಕಾರಿ ತಂದುಕೊಡಿ ಅನ್ನುವ ಹಾಗಿಲ್ಲ, ಮಾರ್ಕೆಟ್ಟು ದೂರ. ನೀರಿನ ಟ್ಯಾಂಕು ತೊಳೆಯಿರಿ ಅನ್ನುವ ಹಾಗಿಲ್ಲ, ಮೈ ಒದ್ದೆಯಾದಾಗಲೇ ಫೋನು ಬಂದರೆ? ಸ್ನಾನಕ್ಕೆ ಹೋದರೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಲ್ಲಿಗೆ ನೇತು ಹಾಕುತ್ತಿದ್ದ. ಮಧ್ಯಾಹ್ನ ಮನೆಯೆಲ್ಲ ಮಾತಾಡುವಾಗ ಒಳಕೋಣೆಯಲ್ಲಿ ಕಿಟಕಿಗೆ ಕಂಬಳಿ ಹೊದಿಸಿ ಮಲಗುವನು. ಆಗ ಆಕೆ ಹೊಲಿಗೆ ಮೆಷಿನ್ನು ನಿಲ್ಲಿಸಬೇಕು. ಶಾಲೆ ತೆರೆಯುವ ಸಮಯ. ಕತ್ತರಿಸಿದ ಬಟ್ಟೆ ಗುಡ್ಡೆಗುಡ್ಡೆ ಬಿದ್ದಿರುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಒಂದು ದಿನ ಪುಟ್ಟಿ ಗೊಂಬೆಯನ್ನು ಗೋಡೆಗೆ ಒರಗಿಸಿ, ಅದರ ಮಡಿಲಲ್ಲಿ ಬೆಂಕಿಪೊಟ್ಟಣ ಇಟ್ಟು ಕೂರಿಸಿದ್ದಳು.

“ಏನೇ ಇದು, ಗೊಂಬೆಗೆ ಊಟ ಮಾಡಿಸಲ್ವಾ?” ಎಂದು ಹೊಲಿಗೆಯಮ್ಮ ಕೇಳಿದಳು.

“ಶ್, ಮಾತಾಡಬೇಡ ಅಜ್ಜಿ. ಅದು ರಿಸರ್ವಲ್ಲಿದೆ.”

ಹೊಲಿಗೆಯಮ್ಮ ನಕ್ಕಳು. ಬಾಗಿಲ ಬಳಿ ನಿಂತಿದ್ದ ಮಗಳು ನಗಲಿಲ್ಲ. ಮಗಳು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಬಸ್ಸು ಹಿಡಿದು ಹೋಗಿ, ಸಂಜೆ ಕಾಲು ಊದಿಸಿಕೊಂಡು ಬಂದು, ಪುಟ್ಟಿಯ ಪಾಠ, ಪಾತ್ರೆ, ಬಟ್ಟೆ. ಗಂಡ ಮನೆಯಲ್ಲೇ ಇದ್ದರೂ ಇಲ್ಲದ ಹಾಗೆ.

“ನನಗೆ ಗಂಡ ಇದಾನೋ, ಮನೇಲೊಂದು ಫೋನ್ ಬೂತ್ ಇದೆಯೋ ಗೊತ್ತಾಗ್ತಿಲ್ಲಮ್ಮ,” ಎಂದಳು. ಅಳಿಯನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದಳು. ಅವನಿಗೆ ಕೇಳಿಸಿತು. ಅವನು ಎದ್ದು ಬಂದು ಸಿಂಕಿನಲ್ಲಿದ್ದ ಪಾತ್ರೆಗಳನ್ನು ಒಂದೊಂದಾಗಿ ತೊಳೆದಿಟ್ಟ, ಫೋನನ್ನು ಮೇಲಿನ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು.

ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿತ್ತು. ಒಂದು ವಾರ ಸಂಜೆಯ ರಿಸರ್ವ್. ಸಂಜೆ ಹೋದವನು ಬೆಳಗಾಗುವ ಹೊತ್ತಿಗೆ ಮುಖ ಬಿಳಿಚಿಕೊಂಡು ಬರುವನು. ಆ ವಾರದ ನಿದ್ದೆ ಒಂದು ದಾರಿಗೆ ಬರುವಷ್ಟರಲ್ಲಿ ಬೆಳಗಿನ ಜಾವದ ರಿಸರ್ವ್. ಕೋಳಿ ಕೂಗುವ ಮೊದಲೇ ಎದ್ದು, ಬೂಟು ಹಾಕಿ, ಕುರ್ಚಿಯಲ್ಲಿ ಹಾಜರು. ಮಲಗುವ ಹೊತ್ತಿಗೆ ಕಣ್ಣು ಬಿಟ್ಟು, ಏಳುವ ಹೊತ್ತಿಗೆ ತೂಕಡಿಸಿ, ಮನುಷ್ಯ ಯಾವ ಹೊತ್ತಿಗೂ ಸೇರದವನಾಗಿದ್ದ. ಒಮ್ಮೆ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿಕೊಂಡು ಅರ್ಧ ಲೋಟ ಕುಡಿದು ಮುಗಿಸಿದ. ಹೊಲಿಗೆಯಮ್ಮ ನೋಡಿ, “ಉಪ್ಪು ಅದು” ಎಂದಾಗ, “ಹೌದಾ ಅತ್ತೆ?” ಎಂದು ಲೋಟ ನೋಡಿದ. ಅಂದು ಆಕೆಗೆ ಮೊದಲ ಬಾರಿ ಭಯವಾಯಿತು. ಉಪ್ಪು ಸಕ್ಕರೆ ತಿಳಿಯದ ಈ ಕೈಯಲ್ಲಿ ಜನ ತುಂಬಿದ ವಿಮಾನ ಇದೆಯಲ್ಲ ಎಂದು.

ಪುಟ್ಟಿಯ ಶಾಲೆಯ ಬೂಟು ಕಿತ್ತುಹೋಗಿತ್ತು. ಅಪ್ಪನ ಜೊತೆಯಲ್ಲೇ ಹೋಗಿ ಕೊಳ್ಳಬೇಕೆಂದು ಅವಳ ಹಠ. ಹೊರಟಾಗಲೆಲ್ಲ ಫೋನು ಬಂದು ಕೆಟ್ಟಿತ್ತು. ಆ ಗುರುವಾರ ಸಂಜೆಗೆ ರಿಸರ್ವ್ ಮುಗಿಯುವುದರಲ್ಲಿತ್ತು. ಮಗಳೂ ಬೇಗ ಬಂದಿದ್ದಳು. ಪುಟ್ಟಿ ತಲೆ ಬಾಚಿಸಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಹೊರಗೆ ಮೋಡ ಕಟ್ಟಿತ್ತು. ಇನ್ನೇನು ಅಳಿಯ ಚಪ್ಪಲಿ ಮೆಟ್ಟಬೇಕು, ಫೋನು ಬಂತು.

ಪ್ಯಾಂಟಿನ ಗುಂಡಿ ಹೊಲಿಯಲು ಕೂತಿದ್ದ ಹೊಲಿಗೆಯಮ್ಮನಿಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು. ಯೂನಿಫಾರಂ ಷರ್ಟಿಗೆ ಕೈ ತೂರಿಸುತ್ತ ಅವನು ಸ್ಪೀಕರ್ ಹಾಕಿದ್ದ.

“ಸರ್, ನಾಲ್ಕು ಟ್ರಿಪ್ ಇದೆ. ಕೊನೇದು ಗುಡ್ಡದ ಊರಿಗೆ,” ಎಂದ ಡ್ಯೂಟಿ ಹಾಕುವ ಆಫೀಸಿನವನು.

“ಮುಗಿಯೋದು ಯಾವಾಗ?”

“ಮಧ್ಯರಾತ್ರಿ ದಾಟಬಹುದು ಸರ್.”

“ನಾನು ಬೆಳಗಿನ ಜಾವದಿಂದ ಎದ್ದು ಕೂತಿದೀನಿ. ಇನ್ನೇನು ನನ್ನ ರಿಸರ್ವ್ ಮುಗೀತು.”

“ಮುಗಿದಿಲ್ವಲ್ಲ ಸರ್. ಮತ್ತೆ ಮನೇಲೇ ಕೂತಿದ್ರಿ, ಅದು ರೆಸ್ಟೇ ತಾನೆ?”

ಅಳಿಯ ಷರ್ಟಿನ ಒಂದು ತೋಳು ಹಾಕಿಕೊಂಡವನು ಹಾಗೇ ನಿಂತ. ಪುಟ್ಟಿಯನ್ನು ನೋಡಿದ. ಹಾಕಿದ್ದ ತೋಳನ್ನೂ ಬಿಚ್ಚಿದ.

“ನಾನು ಬರಲ್ಲ,” ಎಂದ. “ಹಾರಿಸೋ ಸ್ಥಿತೀಲಿಲ್ಲ. ದಣಿವು ಅಂತ ಬರ್ಕೊಳ್ಳಿ.”

ಆ ಕಡೆಯ ದನಿ ತಗ್ಗಿತು. “ಸರ್, ದಣಿವು ಅಂದ್ರೆ ಮೇಲಿನವರು ನೂರೆಂಟು ಪ್ರಶ್ನೆ ಕೇಳ್ತಾರೆ. ಜ್ವರ ಅಂತ ಹಾಕ್ಲಾ?”

“ಜ್ವರ ಇಲ್ಲ. ದಣಿವಿದೆ. ಹಾಗೇ ಬರೀರಿ.”

ಫೋನು ಇಟ್ಟ. ಬೂಟಿನಂಗಡಿಗೆ ಹೋಗಲಿಲ್ಲ. ಹಾಸಿಗೆಯ ಮೇಲೆ ಕೂತವನು ಹಾಗೇ ಅಡ್ಡಬಿದ್ದ. ಪುಟ್ಟಿ ಅವನ ಕಾಲ ಬಳಿ ನಿಂತು ನೋಡಿ, ಬಾಚಿದ ಜಡೆ ತಾನೇ ಬಿಚ್ಚಿಕೊಂಡಳು.

ಊಟದ ಹೊತ್ತಿಗೆ ಯಜಮಾನರ ಬಾಯಿ ತೆರೆಯಿತು. “ಮೂವತ್ತು ವರ್ಷ ಬಸ್ ಓಡಿಸಿದೆ. ಆಗಲ್ಲ ಅಂತ ಒಂದು ದಿನ ಅಂದವನಲ್ಲ. ಬೆಳಗಿಂದ ಕುರ್ಚೀಲಿ ಕೂತು ದಣಿವಂತೆ. ಕುರ್ಚಿಗೆ ದಣಿವಾಗಿರಬೇಕು.”

ಎದ್ದು ಬಂದಿದ್ದ ಅಳಿಯ ತಟ್ಟೆಯಿಂದ ತಲೆ ಎತ್ತಿದ. “ಮಾವ, ನಾಳೆ ಎಷ್ಟು ಹೊತ್ತಿಗೆ ಬಸ್ ತೆಗೀಬೇಕು ಅಂತ ನಿಮಗೆ ಹಿಂದಿನ ದಿನ ಗೊತ್ತಿರ್ತಿತ್ತಾ ಇಲ್ವಾ?”

“ಗೊತ್ತಿರದೆ?”

“ನನಗೆ ಗೊತ್ತಿರಲ್ಲ. ಯಾವಾಗ ಕೆಲಸ ಅಂತ ಗೊತ್ತಿಲ್ಲದವನಿಗೆ ಯಾವಾಗ ನಿದ್ದೆ ಅಂತಲೂ ಗೊತ್ತಿರಲ್ಲ.”

“ನಾಳೆ ಕೆಲಸವೇ ಇಲ್ಲ ಅಂದ್ರೆ ಚೆನ್ನಾಗಿ ಗೊತ್ತಾಗುತ್ತೆ,” ಎಂದಳು ಮಗಳು, ಅನ್ನ ಬಡಿಸುತ್ತ. ಅಲ್ಲಿಗೆ ಊಟ ಮುಗಿಯಿತು.

ಬೆಳಗ್ಗೆ ಟಿವಿ ಹಾಕಿದಾಗ ಗುಡ್ಡದ ಊರಿನ ವಿಮಾನ ತೋರಿಸುತ್ತಿದ್ದರು. ಮಳೆಯಲ್ಲಿ ಇಳಿದ ವಿಮಾನ ರನ್‌ವೇಯ ಕೊನೆ ದಾಟಿ ಹುಲ್ಲಿಗೆ ನುಗ್ಗಿತ್ತು. ಮೂಗಿನ ಚಕ್ರ ಕೆಸರಿನಲ್ಲಿ ಹೂತು, ಬಾಲ ಎತ್ತಿಕೊಂಡು ನಿಂತಿತ್ತು. ಯಾರೂ ಸತ್ತಿರಲಿಲ್ಲ. ಒಬ್ಬ ಗಗನಸಖಿಯ ಭುಜದ ಮೂಳೆ ಮುರಿದಿತ್ತು, ಒಬ್ಬ ಮುದುಕಿಯ ಮಣಿಕಟ್ಟು.

“ಸದ್ಯ, ನೀವು ಹೋಗಲಿಲ್ವಲ್ಲ,” ಎಂದು ಹೊಲಿಗೆಯಮ್ಮನ ಬಾಯಿಂದ ಬಂದೇಬಿಟ್ಟಿತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅಳಿಯ ನಿಂತೇ ಇದ್ದ. “ನಾನು ಬರಲ್ಲ ಅಂದಿದ್ದಕ್ಕೆ ಗುಬ್ಬೀನ ಕಳಿಸಿದಾರೆ ಅತ್ತೆ,” ಎಂದ.

ಗುಬ್ಬಿ ಎಂದರೆ ಅವನ ಕಂಪನಿಯಲ್ಲಿ ಎಲ್ಲರಿಗಿಂತ ಚಿಕ್ಕ ಪೈಲಟ್. ಆಳಿನಲ್ಲೂ ಸಣ್ಣವಳು, ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ. ಅವಳಿಗೆ ಮನೆಯ ರಿಸರ್ವ್ ಕೂಡ ಇಲ್ಲ. ನಿಲ್ದಾಣದೊಳಗೇ ಕೂತು ಕಾಯುವ ರಿಸರ್ವ್. ಕರೆದ ಕೂಡಲೇ ಎದ್ದು ಓಡಬೇಕು.

ಎರಡು ದಿನದಲ್ಲಿ ಪತ್ರಿಕೆಯಲ್ಲಿ ಕಂಪನಿಯ ಹೇಳಿಕೆ ಬಂತು: ಪೈಲಟ್‌ಗಳ ತಪ್ಪು ಮೇಲ್ನೋಟಕ್ಕೆ ಕಾಣುತ್ತಿದೆ, ಇಬ್ಬರನ್ನೂ ಕೆಲಸದಿಂದ ದೂರ ಇಡಲಾಗಿದೆ, ಪ್ರಯಾಣಿಕರ ಸುರಕ್ಷತೆಯೇ ನಮ್ಮ ಉಸಿರು.

“ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿತಂತೆ,” ಎಂದಳು ಹೊಲಿಗೆಯಮ್ಮ. ಯಜಮಾನರು ಪತ್ರಿಕೆ ಮಡಚಿಟ್ಟರು.

ಮುಂದಿನ ವಾರ ಕಂಪನಿಯ ಮ್ಯಾನೇಜರ್ ಅಳಿಯನನ್ನು ಆಫೀಸಿಗೆ ಕರೆಸಿದ. ಬೈಯಲು ಕರೆದಿದ್ದಾನೆಂದು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಅಳಿಯ ಮಧ್ಯಾಹ್ನ ತಿರುಗಿ ಬಂದು ಟೋಪಿ ಮೇಜಿನ ಮೇಲಿಟ್ಟು, “ಖಾಯಂ ಡ್ಯೂಟಿ ಕೊಡ್ತಾರಂತೆ,” ಎಂದ.

ಅದರ ಅರ್ಥ ಮೊದಲು ಮಗಳಿಗೆ ತಿಳಿಯಿತು. “ಅಂದ್ರೆ ರಿಸರ್ವ್ ಇಲ್ವಾ?”

“ಇಲ್ಲ. ತಿಂಗಳ ಮೊದಲೇ ಡ್ಯೂಟಿ ಗೊತ್ತಾಗುತ್ತೆ. ಭಾನುವಾರ ರಜಾ. ಬೇಕಾದ್ರೆ ನಾವು ಬೇರೆ ಮನೆ ಮಾಡಬಹುದು.”

ಹೊಲಿಗೆಯಮ್ಮನ ಕಣ್ಣಿಗೆ ಮೆಷಿನ್ನು ಕಂಡಿತು, ಮಧ್ಯಾಹ್ನವೆಲ್ಲ ನಿಲ್ಲದೆ ಓಡುವ ಮೆಷಿನ್ನು. ಆಕೆ ಸುಳ್ಳು ಹೇಳುವವಳಲ್ಲ. ಆ ಗಳಿಗೆಯಲ್ಲಿ ಆಕೆಗೆ ಆದದ್ದು ಖುಷಿಯೇ.

“ಸುಮ್ಮನೆ ಕೊಡೋ ಜನ ಅಲ್ಲ ಅವರು,” ಎಂದರು ಯಜಮಾನರು. “ಏನು ಕೇಳಿದ್ರು?”

“ಒಂದೇ ಪದ ಮಾವ. ಆ ಸಂಜೆ ದಣಿವು ಅಂದಿದ್ದೆನಲ್ಲ, ಅದು ಜ್ವರ ಅಂತ ಬರೆದು ಸಹಿ ಹಾಕಬೇಕು.”

ಮ್ಯಾನೇಜರ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ್ದನಂತೆ. ಚಹಾ ತರಿಸಿದ್ದ, ಪುಟ್ಟಿಯ ಓದಿನ ಬಗ್ಗೆ ಕೇಳಿದ್ದ. ಸರ್ಕಾರದ ವಿಚಾರಣೆ ಬರುವುದಿತ್ತು. ಒಬ್ಬ ಪೈಲಟ್ ದಣಿವು ಎಂದು ಹೇಳಿದ ಮೇಲೂ, ಅವನಷ್ಟೇ ಹೊತ್ತಿನಿಂದ ಎದ್ದು ಕೂತಿದ್ದ ಇನ್ನೊಬ್ಬಳನ್ನು ಅದೇ ವಿಮಾನಕ್ಕೆ ಹತ್ತಿಸಿದರು ಅಂತಾದರೆ ತಪ್ಪು ಕಂಪನಿಯ ಕೊರಳಿಗೆ. ಜ್ವರ ಎಂದಾದರೆ, ಯಾರೂ ದಣಿವಿನ ಮಾತೇ ಎತ್ತಿರಲಿಲ್ಲ, ಹುಡುಗಿಗೆ ಇಳಿಸಲು ಬರಲಿಲ್ಲ, ಅಷ್ಟೇ.

“ಒಂದು ಪದ ತಾನೆ,” ಎಂದರು ಯಜಮಾನರು. “ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಹಾವು ಸಾಯಲ್ಲ ಮಾವ. ಗುಬ್ಬಿ ಸಾಯ್ತಾಳೆ.”

“ನೀನು ಬರೆಯದಿದ್ರೆ ಅವಳಿಗೆ ಕೆಲಸ ವಾಪಸ್ ಕೊಡ್ತಾರಾ?” ಎಂದಳು ಮಗಳು. “ನಿನ್ನನ್ನೂ ತೆಗೀತಾರೆ. ನಾನು ಸಾಕಾಗಿ ಹೋಗಿದೀನಿ. ಪುಟ್ಟಿ ಟೀಚರು ನನ್ನ ಕೇಳ್ತಾರೆ, ಅವಳ ಅಪ್ಪ ಊರಲ್ಲಿ ಇಲ್ವಾ ಅಂತ.”

ಬರೆದುಬಿಡಿ ಎನ್ನಲು ಹೊಲಿಗೆಯಮ್ಮನ ನಾಲಿಗೆ ತುದಿಯಲ್ಲೇ ಮಾತಿತ್ತು. ಅದನ್ನು ನುಂಗಿಕೊಂಡು ಬೇಳೆ ಆರಿಸಲು ಕೂತಳು.

ಯೋಚಿಸಲು ಮ್ಯಾನೇಜರ್ ಸೋಮವಾರದವರೆಗೆ ಸಮಯ ಕೊಟ್ಟಿದ್ದ. ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಸಣ್ಣ ಆಳಿನ ಹುಡುಗಿಯೊಬ್ಬಳು, ಮಾಸಿದ ಚೂಡಿದಾರ, ಕೈಯಲ್ಲೊಂದು ಛತ್ರಿ.

“ನಾನು ಅಣ್ಣನ ಜೊತೆ ಕೆಲಸ ಮಾಡ್ತೀನಿ ಅಮ್ಮ. ಮಾಡ್ತಿದ್ದೆ,” ಎಂದಳು.

ಅಳಿಯ ಮನೆಯಲ್ಲಿರಲಿಲ್ಲ. ಯೋಚನೆಗೆ ಅಡ್ಡಿಯಾಗದಿರಲಿ ಎಂಬಂತೆ ಕಂಪನಿಯವರು ಅವನಿಗೆ ಆ ಎರಡು ದಿನ ರಜೆ ಕೊಟ್ಟಿದ್ದರು. ಕೊನೆಗೂ ಪುಟ್ಟಿಯನ್ನು ಬೂಟಿನಂಗಡಿಗೆ ಕರೆದುಕೊಂಡು ಹೋಗಿದ್ದ. ಹೊಲಿಗೆಯಮ್ಮ ಅವಳನ್ನು ಒಳಗೆ ಕರೆದು ಕೂರಿಸಿದಳು. ಬೇಡಿಕೊಳ್ಳಲು ಬಂದಿದ್ದಾಳೆ, ಅಳುತ್ತಾಳೆ ಎಂದುಕೊಂಡಳು. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಯಜಮಾನರು ಟಿವಿಯ ಸದ್ದು ತಗ್ಗಿಸಿದರು. ಹುಡುಗಿ ಅಳಲಿಲ್ಲ.

“ಒಂದೇ ಒಂದು ವಿಷಯ ಕೇಳೋಕೆ ಬಂದೆ,” ಎಂದಳು. “ಆ ಸಂಜೆ ನನಗಿಂತ ಮುಂಚೆ ಯಾರಾದ್ರೂ ದಣಿವು ಅಂತ ಹೇಳಿದ್ರಾ? ಯಾರೂ ಹೇಳಿಲ್ಲ, ನಿನಗೊಬ್ಬಳಿಗೇ ಕಷ್ಟವಾಯ್ತಾ ಅಂತ ನನ್ನ ಕೇಳ್ತಿದಾರೆ. ನಾನೂ ಹಾಗೇ ನಂಬೋಕೆ ಶುರು ಮಾಡಿದೀನಿ. ನನಗೇ ಶಕ್ತಿ ಇಲ್ವೇನೋ ಅಂತ.”

ಮಗಳು ಹೊಲಿಗೆಯಮ್ಮನ ಕಡೆ ನೋಡಿದಳು. ಯಜಮಾನರು ಟಿವಿ ಆರಿಸಿದರು. “ಅಲ್ಲಮ್ಮ, ನೀನು ಬೆಳಗಿಂದ ಅಲ್ಲಿದ್ಯಲ್ಲ, ಎಲ್ಲಿ ಮಲಗಿದ್ದೆ?”

“ಮಲಗೋದು ಎಲ್ಲಿ ಅಂಕಲ್? ಕುರ್ಚಿ ಇದೆ. ಕಬ್ಬಿಣದ್ದು, ಸಾಲಾಗಿ ಜೋಡಿಸಿದ್ದು. ಮಧ್ಯೆ ಮಧ್ಯೆ ಕೈ ಇರುತ್ತಲ್ಲ, ಕಾಲು ಚಾಚೋಕಾಗಲ್ಲ. ಎಸಿ ಜೋರು, ಕಡಿಮೆ ಮಾಡೋಕೆ ನಮ್ಮ ಕೈಗೆ ಸಿಗಲ್ಲ. ಮಧ್ಯಾಹ್ನ ಒಂದು ಸ್ವಲ್ಪ ಹೊತ್ತು ಪ್ರಾರ್ಥನೆ ಕೋಣೇಲಿ ನೆಲದ ಮೇಲೆ ಒರಗಿದ್ದೆ, ಸೆಕ್ಯೂರಿಟಿಯವರು ಎಬ್ಬಿಸಿದ್ರು.”

“ಮಂಚ ಇಲ್ವಾ?”

“ಇಲ್ಲ.”

ಯಜಮಾನರ ಮುಖ ಕೆಂಪಾಯಿತು. “ನಮ್ಮ ಡಿಪೋ ದನದ ಕೊಟ್ಟಿಗೆ ಥರ ಇತ್ತು. ತಿಗಣೆ ಇತ್ತು, ಇಲಿ ಇತ್ತು. ಆದ್ರೆ ಮಂಚ ಇತ್ತು ಕಣಮ್ಮ. ರಾತ್ರಿ ಬಸ್ಸು ತರೋ ಡ್ರೈವರಿಗೆ ಮಂಚ ಹಾಕಿದ್ರು. ನಮ್ಮ ಬಸ್ಸು ಕೆಟ್ರೆ ನೆಲದ ಮೇಲೇ ನಿಲ್ತಿತ್ತು. ಇವರದು ಆಕಾಶದಲ್ಲಿ ನಿಲ್ಲುತ್ತಾ?”

“ನೀನ್ಯಾಕೆ ಆಗಲ್ಲ ಅನ್ನಲಿಲ್ಲ?” ಎಂದು ಮಗಳು ಕೇಳಿದಳು. ಕೇಳಿದ ದನಿ ಗಡುಸಾಗಿಯೇ ಇತ್ತು.

“ನಾನು ಇನ್ನೂ ಖಾಯಂ ಆಗಿಲ್ಲ ಅಕ್ಕ. ಆಗಲ್ಲ ಅಂದವರನ್ನ ಅವರು ಖಾಯಂ ಮಾಡಲ್ಲ. ಹೌದು ಅಂದ್ಬಿಟ್ಟೆ. ಮೂರು ಸಲ ಚೆನ್ನಾಗೇ ಇಳಿಸಿದ್ವಿ. ನಾಲ್ಕನೇ ಸಲ ರನ್‌ವೇ ದೀಪ ಕಾಣ್ತಿತ್ತು. ಕಾಣ್ತಿದೆ ಅಂತ ಗೊತ್ತಾಗೋಕೆ ತಡವಾಯ್ತು.” ಛತ್ರಿಯ ಹಿಡಿಯನ್ನು ತಿರುಗಿಸುತ್ತ ಸ್ವಲ್ಪ ನಕ್ಕಳು. “ಈಗ ನಿದ್ದೆ ಮಾಡೋಕೆ ಕಂಪನಿಯವರು ಬೇಕಾದಷ್ಟು ಸಮಯ ಕೊಟ್ಟಿದಾರೆ. ನಿದ್ದೆಯೇ ಬರಲ್ಲ.”

ಹೊಲಿಗೆಯಮ್ಮ ಎದ್ದು ಹೋಗಿ ಅನ್ನ ಬಿಸಿ ಮಾಡಿದಳು. ಹೊತ್ತಲ್ಲದ ಹೊತ್ತು ಬೇಡ ಎಂದ ಹುಡುಗಿ, ತಟ್ಟೆ ಮುಂದಿಟ್ಟ ಮೇಲೆ ಮೊಟ್ಟೆ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಅಷ್ಟರಲ್ಲಿ ಪುಟ್ಟಿ ಹೊಸ ಬೂಟನ್ನು ಟಕಟಕ ಎನ್ನಿಸುತ್ತ ಬಂದಳು, ಹಿಂದೆಯೇ ಅಳಿಯ. ಹುಡುಗಿ ಎಂಜಲು ಕೈಯಲ್ಲೇ ಎದ್ದು ನಿಂತಳು.

“ಕೂತ್ಕೋ,” ಎಂದ ಅಳಿಯ. “ನಾನು ಹೇಳಿದ್ದೆ. ದಣಿವು ಅಂತಲೇ ಹೇಳಿದ್ದೆ.”

ಅವಳು ಕೂತಳು. ಆಗ ಅತ್ತಳು.

ಸೋಮವಾರ ಬೆಳಗ್ಗೆ ತಿಂಡಿಯ ಹೊತ್ತಿಗೇ ಮ್ಯಾನೇಜರನ ಫೋನು. ಅಳಿಯ ಎದ್ದು ಹೊರಗೆ ಹೋಗಲು ನೋಡಿದ. “ಇಲ್ಲೇ ಮಾತಾಡಿ,” ಎಂದಳು ಹೊಲಿಗೆಯಮ್ಮ. “ಇಷ್ಟು ವರ್ಷ ಈ ಫೋನಿನ ಜೊತೆ ನಾವೂ ಸಂಸಾರ ಮಾಡಿದೀವಿ. ಅದೇನು ಹೇಳುತ್ತೋ ಕೇಳೋಣ.”

ಅವನು ಸ್ಪೀಕರ್ ಹಾಕಿ ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿಟ್ಟ.

“ಏನು ತೀರ್ಮಾನ ಮಾಡಿದ್ರಿ?” ಮ್ಯಾನೇಜರನ ದನಿ ಸೌಮ್ಯವಾಗಿತ್ತು. “ಕಾಗದ ರೆಡಿ ಇದೆ.”

“ನಾನು ಹೇಳಿದ್ದು ದಣಿವು ಅಂತ ಸರ್. ಅದೇ ಇರಲಿ.”

“ದುಡುಕಬೇಡಿ. ಒಂದು ಪದಕ್ಕೆ ಯಾಕೆ ಇಷ್ಟು ಹಠ? ನಿಮಗೂ ಹೆಂಡತಿ ಮಕ್ಕಳು ಇದಾರೆ. ಮನೆಯವರನ್ನ ಒಂದು ಮಾತು ಕೇಳಿ ನೋಡಿ.”

ಹೊಲಿಗೆಯಮ್ಮ ಬಾಯಿ ತೆರೆದಳು. ಆದರೆ ಆಕೆಗಿಂತ ಮೊದಲು ಮಗಳು ಕೈ ಒರೆಸಿಕೊಂಡು ಮೇಜಿನ ಬಳಿ ಬಂದಳು. ಆಸ್ಪತ್ರೆಯ ಬಿಳಿ ಕೋಟು ಆಗಲೇ ಹಾಕಿಕೊಂಡಿದ್ದಳು. ಬಸ್ಸಿಗೆ ಹೊತ್ತಾಗಿತ್ತು.

“ಕೇಳಿ, ನಾನೇ ಅವನ ಹೆಂಡತಿ,” ಎಂದಳು. “ರಿಸರ್ವ್ ತಪ್ಪಲಿ ಅಂತ ನನಗಿಂತ ಹೆಚ್ಚು ಆಸೆಪಟ್ಟವರು ಈ ಮನೇಲಿ ಯಾರೂ ಇಲ್ಲ. ಆದ್ರೆ ನಾನು ಆಸ್ಪತ್ರೇಲಿ ಔಷಧಿ ಕೊಡೋಳು. ಸೀಸೆ ಮೇಲೆ ಒಂದೇ ಒಂದು ಪದ ತಪ್ಪು ಬರೆದ್ರೆ ರೋಗಿ ಸಾಯ್ತಾನೆ, ನಾನು ಜೈಲಿಗೆ ಹೋಗ್ತೀನಿ. ಒಂದು ಪದ ತಾನೆ ಅಂತ ನನ್ನ ಮುಂದೆ ಹೇಳಬೇಡಿ.”

ಆ ಕಡೆಯಿಂದ, “ನೋಡಿ ಮೇಡಂ, ಹೀಗಾದ್ರೆ ಮುಂದೆ ಅವರಿಗೆ...” ಎಂದು ಬಂತು.

“ಮುಂದೇನಾಗುತ್ತೋ ಅದನ್ನೂ ನಿಜ ಬರೆದು ಕಳಿಸಿ,” ಎಂದು ಮಗಳು ಫೋನು ಕಟ್ ಮಾಡಿ, ಚೀಲ ಹೆಗಲಿಗೇರಿಸಿ, ಬಸ್ಸಿಗೆ ಓಡಿದಳು. ಅಳಿಯ ಬಾಗಿಲವರೆಗೆ ಹೋಗಿ ಬೀದಿಯ ತಿರುವಿನಲ್ಲಿ ಅವಳು ಮರೆಯಾಗುವವರೆಗೂ ನಿಂತು ನೋಡಿದ. ಹೊಲಿಗೆಯಮ್ಮ ನೋಡಿಯೂ ನೋಡದವಳ ಹಾಗೆ ಮೆಷಿನ್ನಿಗೆ ಎಣ್ಣೆ ಬಿಟ್ಟಳು.

ಮುಂದೆ ಏನಾಗಬೇಕೋ ಅದೇ ಆಯಿತು. ಖಾಯಂ ಡ್ಯೂಟಿ ಅಳಿಯನಿಗಿಂತ ಆಮೇಲೆ ಸೇರಿದವನಿಗೆ ಹೋಯಿತು. ಅಳಿಯನಿಗೆ ಮನೆಯ ರಿಸರ್ವ್ ತಪ್ಪಿಸಿ, ಕಬ್ಬಿಣದ ಕುರ್ಚಿಯ ರಿಸರ್ವ್ ಹಾಕಿದರು. ವಿಚಾರಣೆಯಲ್ಲಿ ಅವನು ನಡೆದದ್ದು ನಡೆದ ಹಾಗೆ ಹೇಳಿದ. ಅಂಥ ಮಾತೇ ಬಂದಿಲ್ಲ ಎಂದು ಕಂಪನಿ ವಾದಿಸಿತು. ಡ್ಯೂಟಿ ಹಾಕುವ ಆಫೀಸಿನವನನ್ನು ಕರೆಸಿದಾಗ ಅವನು ತಲೆ ತಗ್ಗಿಸಿ, “ಬಂದಿತ್ತು. ಜ್ವರ ಅಂತ ಹಾಕ್ಲಾ ಅಂತ ನಾನೇ ಕೇಳಿದ್ದೆ,” ಎಂದುಬಿಟ್ಟ. ಅವನಿಗೂ ಮನೆಯಲ್ಲಿ ನಿದ್ದೆಗೆಟ್ಟವರು ಯಾರೋ ಇದ್ದಿರಬೇಕು. ತೀರ್ಪಿನ ಕಾಗದದಲ್ಲಿ ಗುಬ್ಬಿಯ ತಪ್ಪೂ ಇತ್ತು, ಕಂಪನಿಯದೂ ಇತ್ತು. ಅವಳನ್ನೂ ಜೊತೆಗಿದ್ದ ಪೈಲಟನ್ನೂ ಮತ್ತೆ ತರಬೇತಿಗೆ ತೆಗೆದುಕೊಂಡರು. ಮ್ಯಾನೇಜರನನ್ನು ಇನ್ನೂ ದೊಡ್ಡ ಕೋಣೆಗೆ ಕಳಿಸಿದರು. ಕಾಯುವ ಕೋಣೆಗೆ ಮಂಚ ತರಿಸುತ್ತೇವೆ ಎಂದು ಬರೆದುಕೊಟ್ಟರು. ಎರಡು ಮಂಚ ಬಂದವು, ಹತ್ತು ಜನಕ್ಕೆ.

“ಎರಡು ಮಂಚ,” ಎಂದು ಯಜಮಾನರು ಇಡೀ ವಾರ ಗೊಣಗಿದರು. ಕೊನೆಗೆ ತಮ್ಮ ಹಳೆಯ ಕಂಬಳಿಯನ್ನು ಮಡಚಿ ಅಳಿಯನ ಚೀಲಕ್ಕೆ ತುರುಕಿ, “ಎಸಿ ಜೋರಂತಲ್ಲ,” ಎಂದರು. ಅಳಿಯನಿಗೆ ಅವರು ಹೇಳಿದ ಒಳ್ಳೆಯ ಮಾತು ಅಷ್ಟೇ.

ಆದರೆ ಒಂದು ಬದಲಾಗಿತ್ತು. ರಿಸರ್ವಿನ ಪೈಲಟ್‌ಗಳು ಒಬ್ಬೊಬ್ಬರಾಗಿ ಆ ಪದ ಹೇಳಲು ಕಲಿತಿದ್ದರು. ಬೆಳಗಿನಿಂದ ಕೂತವನನ್ನು ಸಂಜೆ ಕರೆದರೆ, ದಣಿವು. ರಾತ್ರಿ ಹಾರಿ ಬಂದವನನ್ನು ಬೆಳಗ್ಗೆ ಕರೆದರೆ, ದಣಿವು. ಜ್ವರ ಅಂತ ಹಾಕ್ಲಾ ಎಂದು ಯಾರೂ ಕೇಳುತ್ತಿರಲಿಲ್ಲ. ಕಂಪನಿ ಇನ್ನಷ್ಟು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳಬಹುದಿತ್ತು. ಸೇರಿಸಿಕೊಳ್ಳದೆ ವಿಮಾನ ರದ್ದು ಮಾಡಿ, ಪೈಲಟ್‌ಗಳ ಅಸಹಕಾರ ಎಂದು ನಿಲ್ದಾಣದಲ್ಲಿ ಬೋರ್ಡು ಹಾಕಿತು. ಜನ ಬೋರ್ಡು ಓದಿ ಪೈಲಟ್‌ಗಳಿಗೆ ಬೈದರು.

ಹಾಗೆ ಬೈದವರಲ್ಲಿ ಹೊಲಿಗೆಯಮ್ಮನ ಅಣ್ಣನೂ ಒಬ್ಬ. ಗುಡ್ಡದ ಊರಿನಲ್ಲಿ ಮರದ ವ್ಯಾಪಾರ ಮಾಡುವವನು, ಮುಂಗೋಪಿ. ಒಂದು ಮಧ್ಯಾಹ್ನ ಆಕೆ ಕಾಲರು ಹೊಲಿಯುತ್ತಿದ್ದಾಗ ಫೋನು ಮಾಡಿದ. ವ್ಯಾಪಾರಕ್ಕೆ ಹೋಗಿದ್ದ ಊರಿನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದನಂತೆ. ಹಿಂದೆ ಜನರ ಗಲಾಟೆ ಕೇಳುತ್ತಿತ್ತು.

“ನಿನ್ನ ಅಳಿಯನ ಕಂಪನಿಗೆ ಬೆಂಕಿ ಬೀಳ. ವಿಮಾನ ರದ್ದಂತೆ. ಪೈಲಟ್ ಸಾಹೇಬರಿಗೆ ದಣಿವಂತೆ. ನನ್ನ ಬೀಗರ ಮನೆ ಕಾರ್ಯ ತಪ್ಪಿಹೋಯ್ತು. ನಾಳೆವರೆಗೆ ಈ ಕುರ್ಚೀಲಿ ಕೂತಿರಬೇಕಂತೆ, ಕಬ್ಬಿಣದ ಕುರ್ಚೀಲಿ. ಯಾರು ಕಲಿಸಿದ್ರೋ ಇವರಿಗೆ ಇದನ್ನ.”

“ನಮ್ಮ ಮನೇಲೇ ಕಲಿತಿದ್ದು ಅಣ್ಣ,” ಎಂದಳು ಹೊಲಿಗೆಯಮ್ಮ.

ಅಣ್ಣ ಮತ್ತೆ ಶುರು ಮಾಡಿದ. ಸೋಮಾರಿಗಳು, ಸಂಬಳಗಳ್ಳರು, ಹೊಣೆ ಇಲ್ಲದವರು. ತಂಗಿ ಎಂದು ಕೂಡ ನೋಡದೆ ಬಾಯಿಗೆ ಬಂದದ್ದೆಲ್ಲ ಅಂದ. ಆಕೆ ಫೋನನ್ನು ಮೆಷಿನ್ನಿನ ಮೇಲಿಟ್ಟು, ಸೂಜಿಯ ಕೆಳಗೆ ಕಾಲರನ್ನು ನೇರ ಮಾಡಿಕೊಂಡಳು.

“ಬೈಯಿ ಅಣ್ಣ,” ಎಂದಳು. “ಬೈಯೋಕೆ ನೀನು ಬದುಕಿದೀಯಲ್ಲ, ನನಗೆ ಅಷ್ಟು ಸಾಕು.”